ಚೇಳೂರು ತೋಟದ ಹಳದಿ ಜೇಡ

ವನಜಮ್ಮ ತುಮಕೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ಗಂಡ ಗಂಗರಾಜು ಇದ್ದಾಗ ಭಾನುವಾರ ಬಂತೆಂದರೆ ಇಬ್ಬರೂ ಸ್ಕೂಟರಿನಲ್ಲಿ ಗುಬ್ಬಿ ಕಡೆಯ ತೋಟಗಳಿಗೆ ಹೊರಡುತ್ತಿದ್ದರು. ಆಕೆಗೆ ಅಣಬೆ, ಬೂಷ್ಟು ಹುಡುಕುವ ಹುಚ್ಚು. ಅವರಿಗೆ ಆಕೆಯ ಜೊತೆ ಅಲೆಯುವ ಹುಚ್ಚು.

ಒಂದು ಮಳೆಗಾಲ ಚೇಳೂರಿನ ತೋಟದಲ್ಲಿ, ವೀಳ್ಯದೆಲೆಯ ಅಡಿಯಲ್ಲಿ ಸತ್ತು ಅಂಟಿಕೊಂಡಿದ್ದ ಜೇಡವೊಂದು ಸಿಕ್ಕಿತ್ತು. ಅದರ ಮೈಯೊಳಗಿಂದ ನಸುಹಳದಿ ಶಿಲೀಂಧ್ರ ಎಳೆಎಳೆಯಾಗಿ ಹೊರಬಂದಿತ್ತು. ಯಾವ ಜಾತಿಯೆಂದು ತಿಳಿಯದೆ ವನಜಮ್ಮ ಅದನ್ನು ಒಣಗಿಸಿ ಡಬ್ಬಿಯಲ್ಲಿಟ್ಟರು.

ಗಂಗರಾಜು ತೀರಿಕೊಂಡ ಮೇಲೆ ಆಕೆ ತೋಟದ ಕಡೆ ಹೋಗಲೇ ಇಲ್ಲ. ಈಚೆಗೆ ಬೀರು ಖಾಲಿ ಮಾಡುವಾಗ ಸಿಕ್ಕಿದ ಡಬ್ಬಿಯನ್ನು, ಈಗ ಸಂಶೋಧಕಿಯಾಗಿರುವ ಹಳೆಯ ವಿದ್ಯಾರ್ಥಿನಿ ಇಂಪನಾಗೆ ಕೊಟ್ಟರು. ಕೆಲವು ತಿಂಗಳಾದ ಮೇಲೆ ಅವಳ ಫೋನ್ ಬಂತು.

"ಮಿಸ್, ಡಿಎನ್‌ಎ ಗೊತ್ತಿರೋ ಯಾವ ಜಾತಿಗೂ ಮ್ಯಾಚ್ ಆಗ್ತಿಲ್ಲ. ಬೀಜಕಣಗಳೂ ಬೇರೆ ಥರ ಇವೆ. ಇದು ಹೊಸ ಜಾತಿ! ಅಂಕಲ್ ಹೆಸರಿಡೋಣವಾ?"

ವನಜಮ್ಮನಿಗೆ ಇದ್ದಕ್ಕಿದ್ದಂತೆ ನಗು ಬಂತು.

"ಬೇಡ ಕಣೇ. ಅವರಿಗೆ ಜೇಡ ಅಂದ್ರೆ ಪ್ರಾಣಭಯ. ಅವತ್ತೂ ಆದಷ್ಟು ದೂರ ನಿಂತು, ಕೈ ಚಾಚಿ ನನಗೆ ಕೊಡೆ ಹಿಡಿದಿದ್ರು. ತಾವು ಪೂರ್ತಿ ನೆಂದುಹೋದ್ರು, ಪಾಪ. ಚೇಳೂರಿನ ಹೆಸರೇ ಇಡು."

"ಆಯ್ತು. ಆದ್ರೆ ಹೊಸ ಜಾತಿ ಅಂತ ಪ್ರಕಟಿಸೋಕೆ ಇನ್ನಷ್ಟು ಮಾದರಿ ಬೇಕು ಮಿಸ್. ಜಾಗ ತೋರಿಸ್ತೀರಾ?"

ಮರುಭಾನುವಾರ ಇಬ್ಬರೂ ಗುಬ್ಬಿಯಲ್ಲಿ ಚೇಳೂರಿನ ಬಸ್ ಹತ್ತಿದರು. ಮಳೆ ಬಿದ್ದ ತೋಟದ ವಾಸನೆಗೆ ಹಳೆಯ ಭಾನುವಾರಗಳೆಲ್ಲ ಒಟ್ಟಿಗೇ ನೆನಪಾದವು. ವನಜಮ್ಮ ಕನ್ನಡಕ ಒರೆಸಿಕೊಂಡು, ಬಗ್ಗಿ, ಒಂದೊಂದೇ ಎಲೆ ಮಗುಚತೊಡಗಿದರು. ಸಂಜೆಯ ಹೊತ್ತಿಗೆ ಹಳದಿ ಎಳೆ ಹೊತ್ತ ಅಂಥವೇ ಜೇಡಗಳು ಸಿಕ್ಕವು.