ಎಣ್ಣೆ ಕುಡಿದ ರಬ್ಬರ್

ನಮ್ಮ ಮನೆಯ ಹಳೆಯ ಸ್ಪೋರ್ಟ್ಸ್ ಕಾರು ನೇರ ರಸ್ತೆಯಲ್ಲೂ ಅತ್ತಿತ್ತ ಓಲಾಡುತ್ತಿತ್ತು. ಅಣ್ಣ ಓಡಿಸುವಾಗ ಓಲಾಡಿದರೆ ಅಪ್ಪಾಜಿ ರಸ್ತೆಯನ್ನು ಬೈಯುತ್ತಿದ್ದರು. ನಾನು ಓಡಿಸುವಾಗ ಓಲಾಡಿದರೆ ನನ್ನನ್ನು.

"ನಿನ್ನ ಕೈ ಇನ್ನೂ ಕೂತಿಲ್ಲವ್ವಾ" ಎನ್ನುತ್ತ ಪಕ್ಕದ ಸೀಟಿನಿಂದಲೇ ಸ್ಟೀರಿಂಗಿಗೆ ಕೈ ಹಾಕುತ್ತಿದ್ದರು. ಕೈ ಕೂರುವ ತನಕ ನಾನೊಬ್ಬಳೇ ಕಾರು ಒಯ್ಯುವಂತಿಲ್ಲ ಎಂದು ಕಟ್ಟಪ್ಪಣೆ ಮಾಡಿದ್ದರು. ಅವರು ಹಾಗೆ ಕೈ ಹಾಕಿದಾಗಲೆಲ್ಲ ಡೈರಿಯಲ್ಲಿ ತಾರೀಖು ಬರೆದು ಒಂದು ಗೀಟು ಎಳೆಯುತ್ತಿದ್ದೆ. ನನ್ನ ಪುಟಗಳು ತುಂಬಿವೆ. ಅಣ್ಣನ ಪುಟದಲ್ಲಿ ಒಂದೂ ಗೀಟಿಲ್ಲ.

ಸಂಕ್ರಾಂತಿ ಕಳೆದ ಮೇಲಿನ ರವಿವಾರ ಕಾರಿನ ಮುಂಭಾಗವನ್ನು ಜಾಕ್‌ನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ ಕೆಳಗೆ ನುಸುಳಿದೆ. ಅಣ್ಣ ಮೇಲೆ ಕೂತು ಸ್ಟೀರಿಂಗ್ ತಿರುಗಿಸಿದ. ಚಕ್ರಗಳು ತಿರುಗುವ ಮೊದಲು, ಅವನ್ನು ತಿರುಗಿಸಬೇಕಾದ ಉದ್ದನೆಯ ಉಕ್ಕಿನ ಕೊಳವೆಯೇ ಪಕ್ಕಕ್ಕೆ ಸರಿಯಿತು. ಅದನ್ನು ಬಿಗಿಯಾಗಿ ಹಿಡಿದಿರಬೇಕಾದ ಬಳೆಯಂಥ ಎರಡು ದಪ್ಪ ರಬ್ಬರ್ ಬುಶ್‌ಗಳು ಉಬ್ಬಿ, ಮೆತ್ತಗಾಗಿ ಬೆರಳಿಗೆ ಅಂಟಿದವು. ಮೂಸಿ ನೋಡಿದೆ. ಇಂಜಿನ್ ಎಣ್ಣೆ.

ಎಲ್ಲಿಂದಲೂ ಎಣ್ಣೆ ಸೋರಿರಲಿಲ್ಲ. ಪ್ರತಿ ವರ್ಷ ದಸರೆಯಲ್ಲಿ, ಆಯುಧ ವಾಹನಗಳನ್ನು ಪೂಜಿಸುವ ಖಂಡೇ ಪೂಜೆಯ ಹಿಂದಿನ ದಿನ ಅಪ್ಪಾಜಿ ಕಾರಿನಡಿ ಮಲಗಿ ಕಂಡ ಕಂಡ ರಬ್ಬರಿಗೆಲ್ಲ ಎಣ್ಣೆ ಹಚ್ಚುತ್ತಾರೆ. ಪೂಜೆಗೆ ಹೊಳೆಯಬೇಕಲ್ಲ! ಎಣ್ಣೆ ಕುಡಿದ ರಬ್ಬರ್ ಕೊಳೆಯುತ್ತದೆ. ಇಷ್ಟು ವರ್ಷ ಅವರು ಕೆಡಿಸಿದ್ದಕ್ಕೆ ನಾನು ಬೈಸಿಕೊಂಡಿದ್ದೆ. ಮೈಯೆಲ್ಲ ಉರಿಯಿತು.

ಮುಂದಿನ ರವಿವಾರ ಭೋಸರಿಯ ಬಿಡಿಭಾಗದ ಅಂಗಡಿಯಿಂದ ಹೊಸ ಬುಶ್‌ಗಳನ್ನು ತಂದೆ. ಎರಡೂ ಕಡೆಯ ಕ್ಲ್ಯಾಂಪ್ ಬಿಚ್ಚಿ, ಹಳೆಯ ರಬ್ಬರನ್ನು ಕೆರೆದು ತೆಗೆದು, ಜಿಡ್ಡು ಪೂರ್ತಿ ಹೋಗುವಂತೆ ಒರೆಸಿ, ಹೊಸ ಬುಶ್‌ಗಳನ್ನು ಎಣ್ಣೆ ಸೋಕಿಸದೆ ಕೂರಿಸಿ ನಟ್ಟು ಬಿಗಿದೆ. ಅಪ್ಪಾಜಿ ಚಹಾ ಕುಡಿಯುತ್ತ ನಿಂತಿದ್ದರು. "ಒಂಚೂರು ಎಣ್ಣಿ ಹಾಕವ್ವಾ, ಸಲೀಸ್ ಹೋಗ್ತದ" ಅಂದರು. ನಾನು ನಟ್ಟನ್ನು ಇನ್ನೊಂದು ಸುತ್ತು ಬಿಗಿದೆ.

ಅವರನ್ನೇ ಪಕ್ಕಕ್ಕೆ ಕೂರಿಸಿಕೊಂಡು ತಳೇಗಾಂವದ ಕಡೆಗೆ ಹೋದೆ. ಕಾರು ಗೆರೆ ಎಳೆದಂತೆ ಓಡಿತು. ಅವರ ಕೈ ಮಡಿಲಿನಿಂದ ಏಳಲಿಲ್ಲ.

ಮನೆಗೆ ಬಂದಾಗ ಅವ್ವ ಗೇಟಿನಲ್ಲೇ ಕೇಳಿದಳು: "ಹೆಂಗ ಓಡಿಸಿದ್ಲು?"

"ಭಾಳ ಛಲೋ!" ಅಪ್ಪಾಜಿ ಇಳಿಯುತ್ತ ಅಂದರು. "ಈಗ ಕೈ ಕೂತದ ನೋಡು. ನಾ ಬೈದಿದ್ದು ಸಾರ್ಥಕ ಆತು."

"ನನ್ನ ಕೈ ಮೊದಲಿಂದ ಸರಿ ಇತ್ರಿ ಅಪ್ಪಾಜಿ" ಎಂದು ಸ್ಟೀರಿಂಗ್ ಮುಂದೆ ಕೂತಲ್ಲಿಂದಲೇ ಕೂಗಿದೆ. "ನೀವು ಎಣ್ಣಿ ಹಚ್ಚಿ ಹಚ್ಚಿ ರಬ್ಬರ್ ಕೊಳಿಸಿದ್ರಿ."

"ಪೂಜಿಗಂತ ಎಣ್ಣಿ ಹಚ್ಚಿದ್ರೂ ತಪ್ಪೇನು?"

"ಅಷ್ಟು ಎಣ್ಣಿ ತಲಿಗೆ ಹಚ್ಚಿಕೊಂಡಿದ್ರ ನಾಕು ಕೂದಲಾದರೂ ಉಳೀತಿದ್ದುವು" ಎಂದಳು ಅವ್ವ.

ಅವ್ವನ ಹಿಂದೆಯೇ ನಿಂತಿದ್ದ ಅಣ್ಣ ಜೋರಾಗಿ ನಕ್ಕ. ನಗುತ್ತಲೇ ಕೀಲಿಗಾಗಿ ಕಿಟಕಿಯೊಳಗೆ ಕೈ ಚಾಚಿದ: "ಇಳಿ, ನಾ ಒಂದ್ ರೌಂಡ್ ಹೊಡದು ಬರ್ತೀನಿ."

"ಕೊಡವ್ವಾ, ಅವನೂ ನೋಡ್ಲಿ" ಅಂದರು ಅಪ್ಪಾಜಿ.

ನಾನು ಇಳಿಯಲಿಲ್ಲ. ಅವರು ತೆರೆದುಬಿಟ್ಟಿದ್ದ ಎಡಬಾಗಿಲನ್ನು ಎಳೆದು ಮುಚ್ಚಿ, ಕಾರನ್ನು ಹಿಂದಕ್ಕೆ ತೆಗೆದು, ಯಾರನ್ನೂ ಕೇಳದೆ ಒಬ್ಬಳೇ ರಸ್ತೆಗಿಳಿದೆ. ಖಡಕಿ ಪೇಟೆ ದಾಟಿದರೂ ಸಿಟ್ಟು ಇಳಿದಿರಲಿಲ್ಲ.