ಗೇಟಿನ ಫೋನಿಗೆ ಕಡೇ ಪಂಕ್ತಿ

ಗಡಿಯಾಚೆಯ ಪರ್ವರಿ ಊರಿನ ಒಂದು ಮಹಡಿ ಕಟ್ಟಡಕ್ಕೆ ಕಲ್ಲು ಹೊರಲು ಬಂದ ಇಂಡಿ ಕಡೆಯ ಶಂಕರಲಿಂಗ, ಕಟ್ಟಡ ಎದ್ದ ಮೇಲೆ ಅದಕ್ಕೇ ಕಾವಲುಗಾರನಾದ. ಗೇಟಿನ ಮಗ್ಗುಲ ಒಂದು ಖೋಲಿಯೇ ಸಂಸಾರ. ಹೆಂಡತಿ ಹುಲಿಗೆವ್ವ ಅಲ್ಲೇ ರೊಟ್ಟಿ ಬಡಿಯುವಳು. ಕೆಲಸ ಹೋದರೆ ಖೋಲಿಯೂ ಹೋಯಿತು.

ಊರಲ್ಲಿ ಅವನಿಗೊಂದು ಹೆಸರಿತ್ತು. ಮದುವೆ ಊಟ ಬಡಿಸಲು ಅವನೇ ಆಗಬೇಕು. ಯಾರ ಎಲೆಗೂ ಇಲ್ಲ ಅಂದವನಲ್ಲ. ಕಡೇ ಪಂಕ್ತಿ ಎದ್ದ ಮೇಲೆಯೇ ತಾನು ಉಂಡವನು. ಆ ಗುಣವೇ ಕೊನೆಗೆ ಅವನ ಕುತ್ತಿಗೆಗೆ ಬಂತು.

ಈ ವರ್ಷ ಕಟ್ಟಡಕ್ಕೆ ಇಂಟರ್ನೆಟ್ಟಿನ ಫೋನು ಬಂತು. ಗೇಟಿನಿಂದ ಮನೆಗೆ ಮಾತು, ಮನೆಮನೆಯ ಟೀವಿ, ಸಿನಿಮಾ, ಎಲ್ಲಕ್ಕೂ ಒಂದೇ ತಂತಿ. ಅದನ್ನು ಹಾಕಿದ ಬೆಳಗಾವಿಯ ಇಂಜಿನಿಯರ್ ವಿಕ್ರಮ, ಸದಾ ಗೇಟಿನಲ್ಲಿರುವ ಶಂಕರಲಿಂಗನಿಗೆ ತಿಳಿಯುವ ಹಾಗೆ ಹೇಳಿದ: ಮಾತು ಬಿಸಿ ರೊಟ್ಟಿ ಇದ್ದ ಹಾಗೆ, ತಡವಾದರೆ ಕೆಟ್ಟಿತು. ಸಿನಿಮಾ ಕಟಕ ರೊಟ್ಟಿ, ಗಂಟು ಕಟ್ಟಿಟ್ಟು ನಿಧಾನ ತಿಂದರೂ ನಡೆಯುತ್ತದೆ. ಅದಕ್ಕೇ ಮಾತಿನ ಮೇಲೆ 'ಮೊದಲು ಬಿಡು' ಎಂಬ ಗುರುತು ಹಾಕಬೇಕು. ಗುರುತು ಹಾಕುವ ಬಗೆಯನ್ನು ಅವನ ಮೊಬೈಲಿನಲ್ಲೇ ತೋರಿಸಿ, ವಿಕ್ರಮ ಬೇರೆ ಕೆಲಸಕ್ಕೆ ವೆರ್ಣಾ ಊರಿಗೆ ಹೋದ.

ಸುದ್ದಿ ಮಹಡಿ ಹತ್ತಿತು. ಪಾಯಸದ ಬಟ್ಟಲು ಹಿಡಿದು ಒಬ್ಬೊಬ್ಬರೇ ಇಳಿದು ಬಂದರು. ಒಬ್ಬರಿಗೆ ತಮ್ಮ ಧಾರಾವಾಹಿ ಮೊದಲು ಬರಬೇಕು, ಇನ್ನೊಬ್ಬರಿಗೆ ಕ್ರಿಕೆಟ್ಟು. ನಾಲ್ಕನೆಯ ಮಹಡಿಯ ಶೈಲಾಬಾಯಿ ಮೀನಿನ ಗಾಜಿನ ತೊಟ್ಟಿಗೆ ಕ್ಯಾಮೆರಾ ಇಟ್ಟಿದ್ದಳು. ಹಡಗಿನ ಮೇಲೆ ದುಡಿಯುವ ಗಂಡ ಸಮುದ್ರದ ನಡುವೆ ಕೂತು ಮನೆಯ ಮೀನು ನೋಡಬೇಕಂತೆ. ಶಂಕರಲಿಂಗ ಯಾರ ಮುಖವನ್ನೂ ಸಣ್ಣದು ಮಾಡಲಿಲ್ಲ. 'ಮೊದಲು ಬಿಡು' ಗುರುತು ಹಾಕಿ ಎಲ್ಲಕ್ಕೂ ಮೊದಲ ಮಾನ ಕೊಟ್ಟ, ಮೀನಿಗೂ ಕೊಟ್ಟ. ಬಡಿಸುವವನು ತಾನಲ್ಲವೇ? ತನ್ನ ಗೇಟಿನ ಫೋನನ್ನು ಎಲ್ಲರಿಗಿಂತ ಹಿಂದೆ, ಕಡೇ ಪಂಕ್ತಿಯಲ್ಲಿ ಕೂರಿಸಿದ.

ಅಂದಿನಿಂದ ಶುರುವಾಯಿತು. ಅವನು ಫೋನು ಮಾಡಿದರೆ ಮೇಲೆ ಗಂಟೆ ಬಾರಿಸುತ್ತಿತ್ತು, ಎತ್ತಿದರೆ ಹೆಣದ ಮೌನ. ಇವನು ಕೆಳಗೆ ಗಂಟಲು ಹರಿಯುವಂತೆ ಕೂಗಿದರೂ ಮೇಲೆ ಸೊಲ್ಲಿಲ್ಲ. ಯಾರೋ ಭೂತ ಅಂದರು. ಸೆಕ್ರೆಟರಿ ವಸಂತರಾಯರು ಧಾರವಾಡದವರು, ಭೂತ ನಂಬುವವರಲ್ಲ. ಕಾವಲುಗಾರ ಚೇಷ್ಟೆ ಮಾಡುತ್ತಿದ್ದಾನೆಂದು ಖಾತ್ರಿ ಮಾಡಿಕೊಂಡು, ಇನ್ನೊಮ್ಮೆ ಹೀಗಾದರೆ ಸೋಮವಾರ ಏಜೆನ್ಸಿಯ ಹೊಸ ಮನುಷ್ಯ ಬರುತ್ತಾನೆ ಎಂದರು. ಮನೆಯವರು ಗೇಟಿನ ಫೋನಿನಲ್ಲಿ ಹೂಂ ಅನ್ನದೆ ಒಂದು ನಾಯಿಯನ್ನೂ ಒಳಗೆ ಬಿಡಕೂಡದು, ಗೇಟು ಬಿಟ್ಟು ಮೇಲೆ ಬರಕೂಡದು, ಯಾರ ಮೊಬೈಲಿಗೂ ಕರೆ ಮಾಡಕೂಡದು ಎಂದೂ ಕಟ್ಟಪ್ಪಣೆ ಮಾಡಿದರು.

ಚೌತಿಯ ಮುಂಜಾನೆ ಧಾರವಾಡದಿಂದ ಹೇಳದೆ ಕೇಳದೆ ಬಂದಿಳಿದವರು ಪದ್ಮಾಬಾಯಿ, ವಸಂತರಾಯರ ತಾಯಿ. ಕಂಕುಳಲ್ಲಿ ಕರ್ಚಿಕಾಯಿ ಡಬ್ಬಿ. ಮೊಬೈಲು ಇಟ್ಟುಕೊಂಡವರೇ ಅಲ್ಲ. ಶಂಕರಲಿಂಗ ಕೈ ಮುಗಿದು, ಫೋನು ಮಾಡಿದ. ಮೇಲೆ ಗಂಟೆ ಬಾರಿಸಿತು. ವಸಂತರಾಯರು ಎತ್ತಿದರು, ಏನೂ ಕೇಳಿಸದೆ ಕುಕ್ಕಿದರು. ಮತ್ತೆ ಮಾಡಿದ, ಮತ್ತೆ ಕುಕ್ಕಿದರು. ಬಿಟ್ಟರೆ ಅಪ್ಪಣೆ ಮುರಿದಂತೆ, ಬಿಡದಿದ್ದರೆ ಯಜಮಾನರ ತಾಯಿ ಬೀದಿಯಲ್ಲಿ. ಹುಲಿಗೆವ್ವ ಮಣೆ ಹಾಕಿ, ಬಿಸಿ ರೊಟ್ಟಿ, ಎಣ್ಣೆಗಾಯಿ ಇಟ್ಟಳು. ಸೋಮವಾರದ ಸುದ್ದಿಯನ್ನು ಹುಲಿಗೆವ್ವನ ಬಾಯಿಂದ ಕೇಳಿ, ಮುದುಕಿ ಮಗನನ್ನು ಬೈಯುತ್ತ ಉಂಡಳು.

ಅಷ್ಟರಲ್ಲಿ ಭೂತದ ದೂರು ಕೇಳಿ ವಿಕ್ರಮ ಬಂದ. ಮೊಬೈಲು ತೆರೆದು ನೋಡಿ, ಗೇಟಿನ ಫೋನು ಎಲ್ಲರ ಹಿಂದೆ ಯಾಕೆ ಎಂದ.

"ಬಡಸಾಂವ ಕಡೀಗೆ ಉಣಬೇಕಲ್ರಿ," ಅಂದ ಶಂಕರಲಿಂಗ.

ವಿಕ್ರಮ ತಲೆ ಹಿಡಿದು ಕೂತು ಬಿಡಿಸಿ ಹೇಳಿದ: ಕರೆ ಅಂದರೆ ಮೊದಲು ಒಬ್ಬ ಅಕ್ಷತೆ ಹಿಡಿದು ಕರೆಯಲು ಹೋದಂತೆ, ಒಬ್ಬನೇ ಇದ್ದುದರಿಂದ ಎಂಥ ಸಂದಿಯಲ್ಲೂ ನುಸುಳುತ್ತಾನೆ. ಅದಕ್ಕೇ ಗಂಟೆ ಬಾರಿಸುತ್ತದೆ. ಮಾತು ಅವನ ಹಿಂದೆ ಬರುವ ಬೀಗರ ಗಾಡಿಸಾಲು. ದಾರಿ ತುಂಬ ಧಾರಾವಾಹಿ, ಕ್ರಿಕೆಟ್ಟು, ಮೀನು ನಿಂತರೆ ಅದು ಬರುವುದು ಹೇಗೆ? ಇದನ್ನೆಲ್ಲ ಕೇಳಿಯೂ ಶಂಕರಲಿಂಗ ತನ್ನನ್ನು ಮುಂದೆ ಮಾಡಿಕೊಳ್ಳಲು ಒಪ್ಪಲಿಲ್ಲ. ಹಸಿದು ಸತ್ತೇನು, ಬಡಿಸುವ ಮೊದಲು ಉಣ್ಣಲಾರೆ ಅಂದ.

ಪದ್ಮಾಬಾಯಿ ಕೈ ತೊಳೆದರು. "ನಿಮ್ಮೂರಾಗ ಹೊಸಾ ಸೊಸಿ ಬಂದ್ರ ಮೊದಲ ಕಾಯಿ ಯಾರಿಗೆ ಒಡೀತೀರಿ?"

"ಊರ ಬಾಗಲಾ ಕಾಯೂ ಅಗಸಿ ಹಣಮಪ್ಪಗರಿ, ಅವ್ವಾರ."

"ಗೇಟಂದ್ರ ಅಗಸಿ. ನೀ ಉಣ್ಣೂದು ಕಡೀಗೇ ಉಣ್ಣಪಾ. ಫೋನು ಮುಂದ ಮಾಡು."

ದೇವರ ಮಾತು ಬಂದ ಮೇಲೆ ತಕರಾರೇನು? ಶಂಕರಲಿಂಗ ಫೋನಿಗೆ ಕುಂಕುಮ ಹಚ್ಚಿದ. ವಿಕ್ರಮ ಮಾತಿಗೆ ಮಾತ್ರ ಗುರುತು ಉಳಿಸಿ, ಮಿಕ್ಕದ್ದನ್ನೆಲ್ಲ ಕಟಕ ರೊಟ್ಟಿಯ ಸಾಲಿಗೆ ತಳ್ಳಿದ. ಈ ಸಲ ವಸಂತರಾಯರ ಕಿವಿಗೆ ದನಿ ಬಿಸಿಬಿಸಿಯಾಗಿ ಬಿತ್ತು.

"ಸಾಹೇಬ್ರ, ನಿಮ್ಮ ಅವ್ವಾರು ಬಂದಾರ. ಬಿಡ್ಲೇನ್ರಿ?"

ಬಿಡು ಅನ್ನುವಷ್ಟರಲ್ಲಿ ಪದ್ಮಾಬಾಯಿ ಫೋನು ಕಸಿದುಕೊಂಡರು. "ನಾ ಬರೂದಿಲ್ಲೋ ವಸಂತಾ. ಸೋಮವಾರ ಹೊಸಾ ಮನಶ್ಯಾ ಬರ್ತಾನಂತಲ್ಲ, ಅಂವನೇ ನನ್ನ ಒಳಗ ಬಿಡಲಿ. ಅಲ್ಲೀತನಕ ಹುಲಿಗೆವ್ವನ ರೊಟ್ಟಿ ಚಲೋ ಅದಾವ."

ವಸಂತರಾಯರು ಉಟ್ಟ ಮಡಿಯಲ್ಲೇ ಇಳಿದು ಬಂದರು. ಗೇಟಿನ ಮುಂದೆ ನಿಂತು, ಶಂಕರಲಿಂಗ ಎಲ್ಲೂ ಹೋಗುವುದಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ ಮೇಲೆಯೇ ಮುದುಕಿ ಡಬ್ಬಿ ಎತ್ತಿದ್ದು.

ಅವರು ಮೆಟ್ಟಿಲು ಹತ್ತುವ ಮುಂಚೆ ಗೇಟಿನ ಫೋನು ಗಂಟೆ ಬಾರಿಸಿತು. ಶೈಲಾಬಾಯಿ. ಮೀನು ತಡೆತಡೆದು ಈಜುತ್ತಿವೆಯಂತೆ, ಹಡಗಿನಿಂದ ಗಂಡ ಗಾಬರಿಯಾಗಿದ್ದಾನಂತೆ. ಜನ್ಮದಲ್ಲಿ ಮೊದಲ ಸಲ ಶಂಕರಲಿಂಗ ಒಬ್ಬರಿಗೆ ಇಲ್ಲ ಅಂದ.

"ಸ್ವಲ್ಪ ತಡೀಲಿ ಬಿಡ್ರಿ ಅಕ್ಕಾರ. ಮೀನ ಏನ್ ಮಾತಾಡ್ತಾವೇನು?"