ನಡುಗದ ಎಂಜಿನ್ನೂ ನಂಬದ ಮೇಸ್ತ್ರಿಯೂ

ಗಾಡಿಯ ಕಾಯಿಲೆಯನ್ನು ಬರೀ ಕಿವಿಯಿಂದ ಹಿಡಿಯುವ ಮೇಸ್ತ್ರಿ ಅವರು. ಕಿವಿ ಎಷ್ಟು ಚುರುಕೋ ಮನಸ್ಸು ಅಷ್ಟೇ ಅನುಮಾನದ್ದು. ಹಾಲಿನವನ ಅಳತೆಪಾತ್ರೆಯ ತಳ ತಟ್ಟಿ ನೋಡದೆ ಹಾಲು ಕೊಂಡವರಲ್ಲ. ಸಂಜೆ ಗ್ಯಾರೇಜಿನ ಸ್ಪಾನರುಗಳ ಹಾಜರಿ ತೆಗೆದುಕೊಂಡೇ ಬಾಗಿಲು ಹಾಕುತ್ತಾರೆ.

ಮಾವ ತೀರಿಕೊಂಡ ಮೇಲೆ, ಅವರು ಜೋಪಾನ ಮಾಡಿದ್ದ ಎಂಬತ್ತರ ದಶಕದ ಹೋಂಡಾ ಶ್ಯಾಡೋ ಬೈಕು ಈ ಅಳಿಯನ ಪಾಲಿಗೆ ಬಂತು. ಆದರೆ ಅದಕ್ಕೆ ಮುಂಚೆ ಎರಡು ವರ್ಷ ಅದು ಭಾವಮೈದನ ಶೆಡ್ಡಿನಲ್ಲಿತ್ತು. ಅನುಮಾನಕ್ಕೆ ಅಷ್ಟು ಸಾಕಾಯಿತು.

ಮೇಸ್ತ್ರಿ ದಂಡಯಾತ್ರೆ ಹೊರಟವರಂತೆ ಟಾರ್ಚು ಹಿಡಿದು ಗಾಡಿಗೆ ಮೂರು ಸುತ್ತು ಬಂದರು. ಹಿಂದಿನ ಚಕ್ರಕ್ಕೆ ಚೈನೇ ಇಲ್ಲ. ಅದರ ಬದಲು ಕೊಳವೆಯೊಳಗೆ ತಿರುಗುವ ಶಾಫ್ಟು. ಎಂಜಿನ್ನಿನ ಮೈಮೇಲೆ ಗಾಳಿಗೆ ತಣಿಯುವ ಗಾಡಿಗಳಿಗಿರುವಂಥ ಪಟ್ಟಿಗಳು. ಮುಂದೆ ನೋಡಿದರೆ ನೀರಿನ ರೇಡಿಯೇಟರು ಕಳ್ಳನ ಹಾಗೆ ಅಡಗಿ ಕೂತಿದೆ. ಎಲ್ಲಕ್ಕಿಂತ ದೊಡ್ಡ ಅಪರಾಧ ಬೇರೆ. ವಿ ಆಕಾರದ ಎರಡು ಸಿಲಿಂಡರಿನ ಎಂಜಿನ್ ಗಡಗಡ ನಡುಗಬೇಕು. ಇಲ್ಲಿ ಚಾಲೂ ಮಾಡಿದರೂ ಸೀಟಿನ ಮೇಲಿಟ್ಟ ಟೀ ಲೋಟ ತುಳುಕಲೂ ಇಲ್ಲ.

"ಅಸಲಿ ಎಂಜಿನ್ ಯಾರಿಗೆ ಕೊಟ್ಟೆ?" ಎಂದು ಊಟದ ನಡುವೆಯೇ ಭಾವಮೈದನನ್ನು ಕೇಳಿದರು.

"ಜಪಾನಿನವರನ್ನ ಕೇಳಿ ಭಾವ," ಎಂದು ಎದ್ದು ಕೈತೊಳೆದು ಹೋದವನು ತಿಂಗಳಾದರೂ ಅಕ್ಕನ ಮನೆ ಕಡೆ ತಲೆ ಹಾಕಲಿಲ್ಲ.

ಹೆಂಡತಿ ತೀರ್ಪು ಕೊಟ್ಟರು. "ರೀ, ಬಿಚ್ಚಿ ನೋಡಿ. ಮೋಸ ಇದ್ರೆ ಅವನು ನನ್ನ ತಮ್ಮನೇ ಅಲ್ಲ. ಇಲ್ದಿದ್ರೆ ನೀವೇ ಹೋಗಿ ತಪ್ಪಾಯ್ತು ಅಂತ ಹೇಳಿ ಕರ್ಕೊಂಡು ಬರ್ಬೇಕು."

ಮೂರು ಭಾನುವಾರ ಯುದ್ಧ ನಡೆಯಿತು. ಎಂಜಿನ್ ನಂಬರು ದಾಖಲೆಗೆ ಸರಿಹೊಂದಿತು. ಮೇಸ್ತ್ರಿ ದಾಖಲೆಯನ್ನೇ ಅನುಮಾನಿಸಿದರು. ಕೊನೆಗೆ ಪಿಸ್ಟನ್ನುಗಳ ಓಟವನ್ನು ತಿರುಗಾಟವಾಗಿಸುವ ಕ್ರ್ಯಾಂಕು ಹೊರಬಂತು. ಎರಡು ಪಿಸ್ಟನ್ನುಗಳೂ ಒಂದೇ ಪಿನ್ನಿಗೆ ಜೋತುಬಿದ್ದಿರುತ್ತವೆ ಎಂದುಕೊಂಡಿದ್ದ ಕಡೆ ಎರಡು ಪಿನ್ನು, ಒಂದಕ್ಕೊಂದು ಓರೆಯಾಗಿ. ಒಂದರ ಕುಲುಕಾಟವನ್ನು ಇನ್ನೊಂದು ನುಂಗಿಹಾಕುವಂತೆ ಕಾರ್ಖಾನೆಯವರೇ ಮಾಡಿದ್ದು. ಮೇಲೆ ಅಮೆರಿಕದ ದಪ್ಪ ಗಾಡಿಯ ವೇಷ, ಒಳಗೆ ಜಪಾನಿನ ಲೆಕ್ಕಾಚಾರ. ಮುಂದೆ ಗಿರಾಕಿಗಳಿಗೆ ನಡುಕವೇ ಬೇಕೆನಿಸಿದಾಗ ಕೆಲವು ಮಾದರಿಗಳಲ್ಲಿ ಒಂದೇ ಪಿನ್ನು ಹಾಕಿ ಅದನ್ನೂ ಕೊಟ್ಟರು.

"ಮೋಸ ಇದೆ ಕಣೇ," ಎಂದರು ಮೇಸ್ತ್ರಿ. "ಮಾಡಿದವರು ಮಾತ್ರ ಜಪಾನಿನಲ್ಲಿದ್ದಾರೆ."

ಹೆಂಡತಿ ಇಸ್ತ್ರಿ ಮಾಡಿದ ಅಂಗಿ ಕೈಗಿತ್ತರು.

ಮೇಸ್ತ್ರಿ ಹೋಗಿ ತಪ್ಪಾಯ್ತು ಎಂದಾಗ ಭಾವಮೈದ ಬೈಯಲಿಲ್ಲ, ಮುಖ ಗಂಟು ಹಾಕಲಿಲ್ಲ. "ಆಗಿದ್ದಾಯ್ತು ಬಿಡಿ ಭಾವ," ಎಂದು ಚಪ್ಪಲಿ ಮೆಟ್ಟಿ ಜೊತೆಗೇ ಹೊರಟುಬಂದ.

ಮೇಸ್ತ್ರಿ ಅಡುಗೆಮನೆಗೆ ನುಗ್ಗಿ ಪಿಸುಗುಟ್ಟಿದರು. "ಒಂಚೂರೂ ಕುಲುಕಲಿಲ್ಲ ಕಣೇ ಅವನು. ಒಳಗೆ ಏನಿಟ್ಕೊಂಡಿದಾನೋ."

"ತಟ್ಟೆ ಹಾಕಿದೀನಿ, ಬನ್ನಿ," ಎಂದರು ಹೆಂಡತಿ. "ಇವನನ್ನ ಮಾತ್ರ ಬಿಚ್ಚೋಕೆ ಹೋಗ್ಬೇಡಿ."